ಗಂಟಿನ ಚಿತ್ತಾರ ಬೇಕು, ಭಾಷೆ ಬೇಡವಾ?

ನಿನ್ನೆ ಮಧ್ಯಾಹ್ನ ಡಬ್ಲಿನ್‌ನಲ್ಲೇ ಕನ್ನಡದವರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಬಿಸಿಬೇಳೆಬಾತ್ ಆಯಿತು, ಕಾಫಿ ಬಂತು. ಕಪ್ಪಿನ ಸುತ್ತ ಕೆಲ್ಟಿಕ್, ಅಂದರೆ ಐರ್ಲೆಂಡಿನ ಹಳೆಯ ಶೈಲಿಯ, ಗಂಟಿನ ಚಿತ್ತಾರ. ಎಲ್ಲಿ ಶುರು, ಎಲ್ಲಿ ಕೊನೆ ತಿಳಿಯದ ಹಾಗೆ ಹೆಣೆದ ಎಳೆಗಳು. ನಮ್ಮ ಎಳೆ ರಂಗೋಲಿ ಥರಾನೇ ಇದೆ ಅಂತ ಎಲ್ಲರೂ ಹೊಗಳಿದರು. ಅದೇ ಕಪ್ ಹಿಡಿದುಕೊಂಡು ಒಬ್ಬರು ಕೇಳಿದರು, "ಶಾಲೇಲಿ ಕಲಿಸೋ ಈ ಐರಿಷ್ ಭಾಷೆ ನಮ್ಮ ಮಕ್ಕಳಿಗೆ ಯಾಕೆ? ಸತ್ತ ಭಾಷೆ. ಬಿಡಿಸೋಕೆ ಏನಾದ್ರೂ ದಾರಿ ಇದೆಯಾ?"

ನನಗೆ ಸಿಟ್ಟು ಬಂತು. ಉಂಡ ಮನೆಯಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯಿತು.

ಆ ಕಪ್ಪಿನ ಚಿತ್ತಾರದ ಮೂಲ ಇಲ್ಲಿನ ಹಳೆಯ ಕೈಬರಹದ ಪುಸ್ತಕಗಳಲ್ಲಿದೆ. ಟ್ರಿನಿಟಿ ಕಾಲೇಜಿನಲ್ಲಿರುವ ಬುಕ್ ಆಫ್ ಕೆಲ್ಸ್ ಸುಮಾರು ಕ್ರಿ.ಶ. 800ರದ್ದು, ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದದ್ದು. ಅದರ ತುಂಬ ಹೆಸರಾದ ಪುಟದ ಕೆಳಗೆ, ಅಷ್ಟೊಂದು ಹೆಣಿಗೆಯ ನಡುವೆ, ಎರಡು ಇಲಿ ಒಂದು ರೊಟ್ಟಿ ಬಿಲ್ಲೆಗೆ ಕಚ್ಚಾಡುತ್ತವೆ. ಬೆಕ್ಕುಗಳು ನೋಡುತ್ತ ಕೂತಿವೆ. ಪಕ್ಕದಲ್ಲಿ ನೀರುನಾಯಿಯೊಂದು ಮೀನು ಹಿಡಿದಿದೆ. ಮಗಳಿಗೆ ಆ ಇಲಿಗಳನ್ನು ತೋರಿಸಿದಾಗ ಅವಳು ಕೇಳಿದ್ದು ಒಂದೇ: "ಇದನ್ನ ಬರೆದವರು ಮನೇಲಿ ಏನು ಮಾತಾಡ್ತಿದ್ರು?" ಮಗುವಿಗೆ ಹೊಳೆದದ್ದು ದೊಡ್ಡವರಿಗೆ ಹೊಳೆಯೋದಿಲ್ಲ.

1850ರಲ್ಲಿ ಬೆಟ್ಟಿಸ್‌ಟೌನ್ ಕಡಲತೀರದ ಬಳಿ ಎಂಟನೇ ಶತಮಾನದ ಒಂದು ಬ್ರೋಚ್, ಅಂದರೆ ಬಟ್ಟೆಗೆ ಸಿಕ್ಕಿಸುವ ಆಭರಣ, ಸಿಕ್ಕಿತು. ಅಂಗೈಯಷ್ಟು ಅಗಲ, ಕೂದಲಿನಷ್ಟು ಸಣ್ಣ ಚಿನ್ನದ ಎಳೆಗಳ ಕೆಲಸ. ಡಬ್ಲಿನ್‌ನ ಆಭರಣದ ವ್ಯಾಪಾರಿಯೊಬ್ಬರು ಅದನ್ನು ಕೊಂಡು 'ತಾರಾ ಬ್ರೋಚ್' ಅಂತ ಹೆಸರಿಟ್ಟರು. ಹಳೆಯ ಐರಿಷ್ ರಾಜರ ತಾರಾ ಬೆಟ್ಟಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ, ಹೆಸರಿದ್ದರೆ ಮಾರಾಟ ಚೆನ್ನಾಗಿರುತ್ತೆ ಅಷ್ಟೇ. ನಕಲುಗಳು ತಯಾರಾದವು. 1851ರ ಲಂಡನ್ ಮಹಾಪ್ರದರ್ಶನಕ್ಕೂ ಹೋದವು.

ಆ ವರ್ಷಗಳಲ್ಲೇ ಇಲ್ಲಿ ಏನು ನಡೆಯುತ್ತಿತ್ತು? 1845ರಲ್ಲಿ ಆಲೂಗಡ್ಡೆಗೆ ರೋಗ ಬಂದು ಶುರುವಾದ ಬರ. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ಹಡಗು ಹತ್ತಿದರು. ಜಾಸ್ತಿ ಪೆಟ್ಟು ಬಿದ್ದದ್ದು ಪಶ್ಚಿಮದ ಬಡವರಿಗೆ, ಅಂದರೆ ಐರಿಷ್ ಮಾತಾಡುವವರಿಗೆ. ಅತ್ತ ಶ್ರೀಮಂತರ ಸೆರಗಿನ ಮೇಲೆ ಕೆಲ್ಟಿಕ್ ಪಿನ್ನು, ಇತ್ತ ಆ ಭಾಷೆ ಆಡುವವರ ಬಾಯಲ್ಲಿ ಹುಲ್ಲು. ನಿನ್ನೆಯ ಆ ಕಪ್ ನೋಡಿದಾಗ ನನಗೆ ನೆನಪಾದದ್ದು ಇದೇ.

ಭಾಷೆ ತಾನಾಗಿ ಸಾಯಲಿಲ್ಲ. ಆಗ ಇಲ್ಲಿನ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗೆಲ್ಲ ಅದರ ಮೇಲೊಂದು ಗೀರು, ಗೀರು ಎಣಿಸಿ ಏಟು. ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ಕೋಲಿನ ವಿಷಯ ಮೊದಲ ಸಲ ಓದಿದ ದಿನ ನಾನು ಅತ್ತಿದ್ದೆ.

"ನೂರು ವರ್ಷ ಕಲಿಸಿಯೂ ಯಾರೂ ಮಾತಾಡಲ್ವಲ್ಲ" ಅಂತಾರೆ. ಅದರಲ್ಲಿ ಸತ್ಯ ಇದೆ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತೆ ಅಂದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ದಿನಾ ಮಾತಾಡುವವರು ಸುಮಾರು 72 ಸಾವಿರ. ಕಡಿಮೆಯೇ. ಆದರೆ 72 ಸಾವಿರ ಜನ ದಿನಾ ಬೆಳಿಗ್ಗೆ ಎದ್ದು ಆಡುವ ಮಾತನ್ನು ಸತ್ತದ್ದು ಅನ್ನೋಕೆ ಬಾಯಾದರೂ ಹೇಗೆ ಬರುತ್ತೆ?

ನಿಜವಾಗಿ ಸತ್ತಿದೆ ಅನ್ನಿಸಿಕೊಂಡ ಭಾಷೆಯ ಕಥೆ ಕೇಳಿ. ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮ್ಯಾಂಕ್ಸ್ ಭಾಷೆಯನ್ನು ಮನೆಮಾತಾಗಿ ಕಲಿತಿದ್ದ ಕೊನೆಯವರು ನೆಡ್ ಮ್ಯಾಡ್ರೆಲ್. 1974ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ, 1948ರಲ್ಲಿ, ಐರ್ಲೆಂಡಿನವರು ಧ್ವನಿಮುದ್ರಣದ ಸಾಮಾನು ತುಂಬಿಕೊಂಡು ಹೋಗಿ ಅಲ್ಲಿನ ಅಜ್ಜ ಅಜ್ಜಿಯರ ಮಾತು ಹಿಡಿದಿಟ್ಟಿದ್ದರು. ಆಸಕ್ತಿ ಇದ್ದವರು ಆ ಮುದುಕರ ಹತ್ತಿರ ಕೂತು ಕಲಿತರು, ಮಕ್ಕಳಿಗೆ ಶಾಲೆ ಮಾಡಿದರು. 2009ರಲ್ಲಿ ಯುನೆಸ್ಕೊ ಈ ಭಾಷೆ ಅಳಿದಿದೆ ಎಂದಾಗ ಆ ಶಾಲೆಯ ಮಕ್ಕಳು ಪತ್ರ ಬರೆದರು: ನಮ್ಮ ಭಾಷೆ ಇಲ್ಲ ಅಂದರೆ ಈ ಪತ್ರ ಯಾವ ಭಾಷೆಯಲ್ಲಿದೆ? ಯುನೆಸ್ಕೊ ತಿದ್ದಿಕೊಂಡಿತು.

ಐರ್ಲೆಂಡಿನಲ್ಲೂ 1893ರಲ್ಲಿ ಐರಿಷ್ ಭಾಷೆ ಉಳಿಸೋಕೆ ಗೇಲಿಕ್ ಲೀಗ್ ಅನ್ನುವ ಸಂಘ ಕಟ್ಟಿದವರಲ್ಲಿ ಒಬ್ಬರಾದ ಡಗ್ಲಸ್ ಹೈಡ್ ಪಾದ್ರಿಯ ಮಗ, ಮನೆಯಲ್ಲಿ ಇಂಗ್ಲಿಷ್. ಊರಿನ ಕಾವಲಿನವನ ಹತ್ತಿರ, ಹೊಲದವರ ಹತ್ತಿರ ಐರಿಷ್ ಕಲಿತರು. ಅವರೇ 1938ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು.

ಇದೆಲ್ಲ ನಮಗ್ಯಾಕೆ ಅನ್ನುವ ಕನ್ನಡದವರಿಗೆ ಒಂದು ಮಾತು. ಅದೇ ಕಾಲದ ಐರಿಷ್ ಸಾಹಿತ್ಯ ಚಳವಳಿಯಲ್ಲಿ ಬೆಳೆದ ಕವಿ ಜೇಮ್ಸ್ ಕಸಿನ್ಸ್. 1902ರಲ್ಲಿ ಡಬ್ಲಿನ್‌ನಲ್ಲಿ ಅವರ ನಾಟಕಗಳು ಆಡಿದ್ದವು. 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ಒಬ್ಬ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನು ಅವರಿಗೆ ತೋರಿಸಿದ. ಕನ್ನಡದಲ್ಲಿ ಏನಾದರೂ ಬರೆದಿದ್ದೀಯಾ, ನಿನ್ನ ಭಾಷೆಯಲ್ಲಿ ಬರಿ ಅಂದರು. ಆ ಹುಡುಗನಿಗೆ ಮೊದಲು ಬೇಸರವೇ ಆಯಿತಂತೆ. ಆ ಹುಡುಗ ಕುವೆಂಪು. ಆ ಋಣ ಇರುವ ನಾವು ಇವರ ನೆಲದಲ್ಲೇ ಕೂತು ಇವರ ಭಾಷೆ ಬಿಡಿಸೋಕೆ ದಾರಿ ಹುಡುಕಬೇಕಾ?

ತಪ್ಪು ನನ್ನದೂ ಇದೆ. ಹೋದ ತಿಂಗಳು ಫೋನಿನಲ್ಲಿ ಮಗಳು ಅಜ್ಜಿಗೆ "ನಾನು ಊಟ ತಿಂದೆ" ಅಂದಳು. 'ಊಟ ಮಾಡಿದೆ' ಅನ್ನಬೇಕು ಅಂತ ಎಲ್ಲರೆದುರು ಮೂರು ಸಲ ತಿದ್ದಿದೆ. ಅವಳು ಇಂಗ್ಲಿಷಿಗೆ ಹೊರಳಿದಳು, ಅಜ್ಜಿ ಸುಮ್ಮನಾದರು. ಜಾಣ ಇಂಗ್ಲಿಷಿಗಿಂತ ಮುರುಕು ಐರಿಷ್ ಮೇಲು ಅಂತ ಇಲ್ಲೊಂದು ಗಾದೆ ಇದೆ. ಅದು ಗೊತ್ತಿದ್ದೂ ನಾನು ಹಾಗೆ ಮಾಡಿದೆ.

ಇವತ್ತು ಬೆಳಿಗ್ಗೆ ಮತ್ತೆ ಊರಿಗೆ ಫೋನ್ ಮಾಡಿದೆವು. "ಅಜ್ಜಿ, ಊಟ ತಿಂದ್ಯಾ?" ಅಂದಳು. ನಾನು ಬಾಯಿ ಬಿಡಲಿಲ್ಲ. ಅಮ್ಮ ಆ ಕಡೆಯಿಂದ "ತಿಂದೆ ಕಣೇ, ನೀನು ತಿಂದ್ಯಾ?" ಅಂದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು.