ಹಳ್ಳಿಗೆ ಬಾಲ ಬಂತು

ದೇಶದ ಗ್ರಂಥಾಲಯಗಳೆಲ್ಲ ಹಂಚಿಕೊಳ್ಳುವ ಕ್ಯಾಟಲಾಗ್ ಇನ್ನು ಮುಂದೆ 'ಲಿಂಕ್ಡ್ ಡೇಟಾ' ಆಗುತ್ತದಂತೆ. ಅದರ ತರಬೇತಿ ಚಿಕ್ಕಮಗಳೂರಿಗೂ ಬಂತು, ನಾನು ಗುಮಾಸ್ತನಾಗಿರುವ ಗ್ರಂಥಾಲಯಕ್ಕೇ. ಬಂದ ಸಾಹೇಬರು ಮೊದಲ ಅರ್ಧ ಗಂಟೆ ಸ್ವೀಡನ್ನಿನಲ್ಲೇ ಇದ್ದರು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಲಿಬ್ರಿಸ್ ಕ್ಯಾಟಲಾಗನ್ನು 2018ರಲ್ಲೇ ಹೀಗೆ ಬದಲಿಸಿಕೊಂಡಿದೆ, ಸುಳ್ಳಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಸ್ವೀಡನ್ನೂ ಹೋಯಿತು.

ವಿಷಯ ಕಷ್ಟದ್ದೇನಲ್ಲ. ಪುಸ್ತಕ, ಬರೆದವರು, ವಸ್ತು, ಊರು, ಒಂದೊಂದಕ್ಕೂ ಒಂದು ಖಾಯಂ ಗುರುತು ಕೊಟ್ಟು, ಇದಕ್ಕೆ ಅದು ಏನಾಗಬೇಕು ಅಂತ ಯಂತ್ರಕ್ಕೆ ತಿಳಿಯುವ ಹಾಗೆ ಬರೆದಿಡುವುದು. ಮದುವೆಮನೆಯಲ್ಲಿ ನಮ್ಮ ಅಜ್ಜಿಯಂದಿರ ಕೆಲಸವೂ ಇದೇ: "ಇವ್ನ್ಯಾರು ಗೊತ್ತಾಯ್ತಾ? ನಮ್ ಅತ್ತಿಗೆ ಮೈದುನನ ಮಗ." ಲಾಭವೂ ಇದೆ ಅನ್ನಿ. 1904ರಲ್ಲಿ ಇದೇ ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದವರು ಒಂದು ಕಡೆ ಕುವೆಂಪು, ಒಂದು ಕಡೆ ಕೆ.ವಿ. ಪುಟ್ಟಪ್ಪ, ಇನ್ನೊಂದು ಕಡೆ ಬರೀ ಪುಟ್ಟಪ್ಪನಾಗಿ ಮೂರು ಜನರಂತೆ ಕೂತಿದ್ದರೆ, ಮೂವರನ್ನೂ ಒಬ್ಬರೇ ಮಾಡಬಹುದು.

ಎಡವಟ್ಟಾದದ್ದು ಅಕ್ಷರದಲ್ಲಿ. ಕನ್ನಡ ಪುಸ್ತಕದ ಹೆಸರುಗಳನ್ನೆಲ್ಲ ನಾವು ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಗೆರೆಯಿಲ್ಲ, ಕೆಳಗೆ ಚುಕ್ಕಿಯಿಲ್ಲ, ಟೈಪ್ ಮಾಡಿಟ್ಟಿದ್ದೇವೆ. ಅಲ್ಲಿ ಹಳ್ಳಿಗೂ ಹಲ್ಲಿಗೂ ಭೇದವಿಲ್ಲ. ಯಂತ್ರ ಭಕ್ತಿಯಿಂದ ಲಿಂಕ್ ಮಾಡಿತು. ಗ್ರಾಮಾಭಿವೃದ್ಧಿಯ ಪುಸ್ತಕಗಳೆಲ್ಲ ಓತಿಕ್ಯಾತ, ಮೊಸಳೆಗಳ ಸಾಲಿಗೆ ಸೇರಿದವು. ಮೊದಲಾದರೆ ನಮ್ಮ ತಪ್ಪು ನಮ್ಮ ರ‍್ಯಾಕಿನಲ್ಲೇ ಧೂಳು ಕುಡಿಯುತ್ತಿತ್ತು. ಈಗ ಲಿಂಕ್ ಆಗಿದೆಯಲ್ಲ, ದಿಲ್ಲಿಯವರೆಗೂ ಹಲ್ಲಿ.

ಅದೇ ಹೊತ್ತಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಕಾಳುಮೆಣಸಿನ ಸೊರಗು ರೋಗದ ಪುಸ್ತಕ ಕೇಳಿಕೊಂಡು ಬಂದರು. "ಲೈವ್ ಡೆಮೋ!" ಎಂದು ಸಾಹೇಬರು ಹಿಗ್ಗಿ ಗುಂಡಿ ಒತ್ತಿದರು. ಪರದೆ ಮೇಲೆ ಕಾಲು ಬಂತು. ಕಾಲುನೋವು ಬಂತು. ಮೂಳೆ ಮುರಿತವೂ ಬಂತು.

"ಬಳ್ಳಿಗೆ ಪಟ್ಟು ಹಾಕ್ಸೋದಾ ಮಾರಾಯ್ರೇ?" ಎಂದು ರೈಟರು ಹೊರಟೇಹೋದರು.

ನನಗೆ ತಡೆಯಲಾಗಲಿಲ್ಲ. "ಸಾರ್, ಮುದಿಯಾಯ್ತು ಅಂತ ಎಲ್ಲರೂ ಬೈಯೋ, ಪುಸ್ತಕದ ವಿವರಾನ ಕಂಪ್ಯೂಟರಿಗೆ ತುಂಬಿಸೋ ಆ ಹಳೇ ಮಾರ್ಕ್ (MARC) ಪದ್ಧತಿಯಲ್ಲೇ ಶೀರ್ಷಿಕೆಗೆ 245 ಅಂತ ಒಂದು ಜಾಗ, ಅದನ್ನೇ ಮೂಲ ಲಿಪಿಯಲ್ಲಿ ಬರೆಯೋಕೆ 880 ಅಂತ ಇನ್ನೊಂದು ಜಾಗ ಇದೆಯಲ್ಲ. ಅಲ್ಲಿ ಕನ್ನಡ ಯಾಕೆ ತುಂಬಿಸಲಿಲ್ಲ?"

"880 ಕಡ್ಡಾಯ ಅಲ್ಲ ಕಣ್ರೀ."

"ಹೊಸದರಲ್ಲಿ?"

"ಕನ್ನಡ ಎರಡನೇ ಹಂತದಲ್ಲಿದೆ."

ಮೊದಲನೇ ಹಂತದಲ್ಲಿ ಹೋಳಿಗೆ ಊಟವಿತ್ತು. ಏಳುವಾಗ ಕಂಪ್ಯೂಟರ್ ಮೇಜು ಗಡಗಡ ಅಲುಗಿತು. ಅಟೆಂಡರ್ ಬಗ್ಗಿ, ಗಿಡ್ಡಗಾಲಿನ ಅಡಿ ಕೊಟ್ಟಿದ್ದ ಕಾರ್ಡಿನ ಕಟ್ಟನ್ನು ಒಳಗೆ ತಳ್ಳಿ ಸರಿಮಾಡಿದರು. ಹಳೇ ಕ್ಯಾಟಲಾಗ್ ಕಾರ್ಡುಗಳು, ಕೆಳಅಂಚಿನಲ್ಲಿ ಕಂಬಿ ಪೋಣಿಸುವ ತೂತು. ಮೇಲಿನದರಲ್ಲಿ ಯಾರೋ ನೀಲಿ ಶಾಯಿಯಲ್ಲಿ, ದುಂಡಗೆ, ಕನ್ನಡದಲ್ಲೇ ಬರೆದಿದ್ದರು:

'ಪುಟ್ಟಪ್ಪ, ಕೆ.ವಿ. ನೋಡಿ: ಕುವೆಂಪು.'