ಸ್ಪಷ್ಟನೆ: ಇಂಡೋನೇಷ್ಯಾದ ಭಾಷೆಗೂ ನಿನ್ನೆ, ನಾಳೆ ಗೊತ್ತು

"ಇಂಡೋನೇಷ್ಯಾದ ಭಾಷೆಯಲ್ಲಿ ಕಾಲಗಳೇ ಇಲ್ಲ, ಅದಕ್ಕೇ ಅಲ್ಲಿನ ಮಕ್ಕಳಿಗೆ ಸಮಯದ ಕಲ್ಪನೆ ಕಮ್ಮಿ, ಇಂಗ್ಲಿಷ್ ಪ್ರಬಂಧವೂ ತಪ್ಪಾಗುತ್ತೆ" ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಕೆಲವರಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಅಲ್ಲಿ ಕ್ರಿಯಾಪದದ ರೂಪ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ, ಅಷ್ಟೇ. ಕಾಲವನ್ನು ಪಕ್ಕದ ಪದ ಹೇಳುತ್ತದೆ. 'ಮಾಕಾನ್' ಅಂದರೆ ಊಟ ಮಾಡು. 'ಸಾಯಾ ಸುದಾಹ್ ಮಾಕಾನ್' ಅಂದರೆ ನನ್ನ ಊಟ ಆಯಿತು. 'ಸುದಾಹ್' ಬದಲು 'ಸೆದಾಂಗ್' ಇಟ್ಟರೆ ಮಾಡುತ್ತಿದ್ದೇನೆ, 'ಅಕಾನ್' ಇಟ್ಟರೆ ಮಾಡುತ್ತೇನೆ. ನಿನ್ನೆಗೆ 'ಕೆಮಾರಿನ್', ನಾಳೆಗೆ 'ಬೇಸೊಕ್' ಇವೆ. ಆ ಭಾಷೆಯ ಯಾವ ವ್ಯಾಕರಣ ತೆರೆದರೂ ಇದು ಸಿಗುತ್ತದೆ.

ಇಂಗ್ಲಿಷ್ ಬರೆಯುವಾಗ ಮಕ್ಕಳು ಕ್ರಿಯಾಪದದ ರೂಪ ಬದಲಿಸಲು ಮರೆಯುವುದು ನಿಜ. ಸ್ವಂತ ಭಾಷೆಯಲ್ಲಿ ಆ ರೂಢಿ ಇಲ್ಲ, ಅದಕ್ಕೆ. ಹೊಸ ಭಾಷೆ ಕಲಿಯುವಾಗ ಇದು ಸಹಜ ಅಲ್ವಾ? ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನೂ ಹಾಕಿ.