ಮೆಟ್ಟಿಲು ಹತ್ತಿಸಿದವರು ಸಹಿ ಹಾಕಬಾರದೇ?

ನರ್ಸ್‌ಗಳು, ಫಿಸಿಯೊಥೆರಪಿಸ್ಟ್‌ಗಳು ಡಿಸ್‌ಚಾರ್ಜ್ ಮಾಡಿದರೆ ರೋಗಿಯ ಸುರಕ್ಷತೆಗೆ ಧಕ್ಕೆ ಎಂದು ಲೇಖನವೊಂದರಲ್ಲಿ ಓದಿದೆ; ಲೇಖಕರ ಆ ಮಾತನ್ನು ಒಪ್ಪಲಾರೆ. ಕಳೆದ ವರ್ಷ ಅಮ್ಮನಿಗೆ ಮಂಡಿಯ ಕೀಲು ಬದಲಿಸಿದರು. ವಾಕರ್ ಹಿಡಿಸಿ ನಡೆಸಿದ್ದು, ಮೆಟ್ಟಿಲು ಹತ್ತಿಸಿ ಇಳಿಸಿದ್ದು ಫಿಸಿಯೊಥೆರಪಿಸ್ಟ್. ಪಟ್ಟಿ ಬಿಚ್ಚಿ ಗಾಯ ಒಣಗಿದೆ ಎಂದದ್ದು ನರ್ಸ್. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಎಂದವರೇ ಆಪರೇಷನ್ ಥಿಯೇಟರ್ ಸೇರಿದರು. ಅಮ್ಮ ಸೀರೆ ಉಟ್ಟು, ಕೈಯಲ್ಲಿ ಇನ್ನೂ ಸೂಜಿಯ ಕೊಳವೆ ಇರುವಂತೆಯೇ, ಸಂಜೆ ಐದರವರೆಗೆ ಮಂಚದ ಅಂಚಿನಲ್ಲಿ ಕುಳಿತಿದ್ದರು. ಕೊನೆಗೆ ಬಂದ ಡಾಕ್ಟರು ಕಾಲಿನತ್ತ ಕಣ್ಣೂ ಹಾಯಿಸದೆ ಸಹಿ ಹಾಕಿದರು. ಈ ಎಂಟು ಗಂಟೆಯಲ್ಲಿ ಸುರಕ್ಷತೆ ಎಷ್ಟು ಹೆಚ್ಚಿತು?

ಇಂಗ್ಲೆಂಡಿನ ಎಷ್ಟೋ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳಲ್ಲಿ ಜ್ವರ, ರಕ್ತದೊತ್ತಡ, ನೋವು, ನಡಿಗೆ ಹೇಗಿರಬೇಕು ಎಂದು ತಜ್ಞ ವೈದ್ಯರೇ ಮೊದಲು ಬರೆದಿಡುತ್ತಾರೆ. ಎಲ್ಲವೂ ಸರಿಯಿದ್ದರೆ ನರ್ಸ್ ಅಥವಾ ಥೆರಪಿಸ್ಟ್ ಮನೆಗೆ ಕಳಿಸುತ್ತಾರೆ; ಒಂದು ತಪ್ಪಿದರೂ ವೈದ್ಯರಿಗೆ ಕರೆ ಹೋಗುತ್ತದೆ. ಇದರಲ್ಲಿ ವೈದ್ಯರನ್ನು ಬದಿಗೆ ಸರಿಸಿದ್ದು ಎಲ್ಲಿ?

ನಮ್ಮಲ್ಲಿ ವಿಮೆಯ ಕಾಯುವಿಕೆ ಬೇರೆ. ಡಿಸ್‌ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲೇ ಹೇಳಿದೆ. ಆದರೆ ಅಮ್ಮನ ವಿಷಯದಲ್ಲಿ ಆ ಕೋರಿಕೆ ಹೊರಟದ್ದೇ ಸಂಜೆ ಐದರ ಸಹಿಯ ನಂತರ. ಹಾಗಾಗಿ ಅಂದಿನ ರಾತ್ರಿಯ ಊಟವೂ ಆಸ್ಪತ್ರೆಯದೇ; ಅದಕ್ಕೂ ಬಿಲ್ ಬಂತು.

ಒಂದು ಮಾತು ಮಾತ್ರ: ಇಡೀ ವಾರ್ಡನ್ನು ಇಬ್ಬರ ತಲೆಗೆ ಕಟ್ಟಿ, ಸಂಬಳ ಏರಿಸದೆ, ಈ ಹೊಣೆಯನ್ನೂ ಹೊರಿಸಿದರೆ ನರ್ಸ್‌ಗಳೇ ಬೇಡ ಎಂದಾರು.